ಮೀಸೆ ಮುಟ್ಟಿದಾಗ ನಗಬೇಕು

ಮೀಸೆ ಉದುರಬಹುದಿತ್ತು. ಅರ್ಧ ಉದುರಿ, ಇನ್ನರ್ಧ ತುಟಿಗೆ ಜೋತುಬಿದ್ದು, ನನಗೊಬ್ಬಳಿಗೇ ಗೊತ್ತಾಗದೆ ಹೋಗಬಹುದಿತ್ತು. ಅದು ಇನ್ನೂ ಕೆಟ್ಟದ್ದು. ಅಂಟು ಚರ್ಮಕ್ಕೆ ಒಗ್ಗದೆ ಮುಖ ಊದಿಕೊಳ್ಳಬಹುದಿತ್ತು. ಬಿಳಿ ಸೂಟಿನ ಮೇಲೆ ಕನಕಪುರ ರಸ್ತೆಯ ಕೆಸರು ಹಾರಬಹುದಿತ್ತು. ಮಳೆ ಬಂದು ಯಾರೂ ಬರದಿರಬಹುದಿತ್ತು. ಮಳೆ ಬಾರದೆ ಎಲ್ಲರೂ ಬರಬಹುದಿತ್ತು. ಕರೆಂಟು ಹೋಗಬಹುದಿತ್ತು. ಮೈಕು ಕಿರುಚಬಹುದಿತ್ತು. ಪಕ್ಕದ ಛತ್ರದಲ್ಲಿ ಯಾರದೋ ಆರತಕ್ಷತೆಯ ವಾದ್ಯಗೋಷ್ಠಿ ಶುರುವಾಗಬಹುದಿತ್ತು. ನಾನು ಮಾತು ಮರೆಯಬಹುದಿತ್ತು. ಮರೆಯದೆ ಪೂರ್ತಿ ಹೇಳಿ, ಒಬ್ಬರೂ ನಗದಿರಬಹುದಿತ್ತು. ಯಾರಾದರೂ ನಿದ್ದೆ ಹೋಗಿ ಗೊರಕೆ ಹೊಡೆದು, ಅದಕ್ಕೆ ಮಾತ್ರ ಎಲ್ಲರೂ ನಗಬಹುದಿತ್ತು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ಯಾರಾದರೂ ಎದ್ದು ನಿಂತು, "ನಾವು ಆ ನದಿ ನೋಡಿದೀವಿ ಮೇಡಂ, ನೀವು ಹೇಳೋ ಹಾಗಿಲ್ಲ" ಎನ್ನಬಹುದಿತ್ತು.

ಇಂಥವು ಒಟ್ಟು ಹದಿನೇಳು. ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರಿಗೂ ಪರಿಹಾರ ಗುರುತು ಹಾಕಿಕೊಂಡಿದ್ದೆ. ನಾನು ಇನ್ಶೂರೆನ್ಸ್ ಕಚೇರಿಯೊಂದರ ಕ್ಲೇಮ್ಸ್ ವಿಭಾಗದಲ್ಲಿ ಬೇರೆಯವರ ಕೆಟ್ಟ ಗಳಿಗೆಗಳನ್ನು ಓದಿ ಸಂಬಳ ತೆಗೆದುಕೊಳ್ಳುವವಳು. ಗೀಸರ್ ಸಿಡಿಯುತ್ತದೆ, ತೆಂಗಿನಕಾಯಿ ಹೊಸ ಕಾರಿನ ಮೇಲೆಯೇ ಬೀಳುತ್ತದೆ, ಗೃಹಪ್ರವೇಶದ ದಿನ ಹಸು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನನ್ನದು ಬರೀ ಹೆದರಿಕೆಯಲ್ಲ, ಫೈಲು ಸಮೇತ ಹೆದರಿಕೆ.

ಕಳೆದ ವಾರ ಕೋಣನಕುಂಟೆಯ ನಮ್ಮ ಮನೆಯಲ್ಲಿ ಹಾಲನ್ನು ಒಲೆಯ ಮೇಲಿಟ್ಟು, ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರನೇ ಸಲ ನೋಡಲು ಹೋದೆ. ವಾಪಸು ಬರುವಷ್ಟರಲ್ಲಿ ಹಾಲು ಉಕ್ಕಿ, ಹರಿದು, ಸೀದುಹೋಗಿತ್ತು. ಆ ವಾಸನೆ ಮೂಗಿಗೆ ಬಡಿದಾಗ ನನ್ನನ್ನು ನಾನು ಬೈದುಕೊಳ್ಳಬೇಕಿತ್ತು. ಬದಲಿಗೆ ಅಡುಗೆಮನೆಯ ಮಧ್ಯೆ ನಿಂತು ನಗತೊಡಗಿದೆ. ಹೊರಗೆ ಪೇಪರ್ ಓದುತ್ತಿದ್ದ ನನ್ನ ಗಂಡ ಶ್ರೀಧರ ಕೂತಲ್ಲಿಂದಲೇ ಕೇಳಿದರು:

"ಏನು, ಮೀಸೆ ನೆನಪಾಯ್ತಾ?"

ಹೌದು. ಮೂರು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ನೆನಪಾಯಿತು.

ಜಯನಗರದ ಒಂದು ಪಾರ್ಕಿನ ಎದುರು, ಮೊದಲ ಮಹಡಿಯ ಕೋಣೆಯೊಂದರಲ್ಲಿ ಪ್ರತಿ ಬುಧವಾರ ಸಂಜೆ ನಮ್ಮ ಓದುಗರ ಕೂಟ ಸೇರುತ್ತದೆ. ಹೆಚ್ಚಿನವರು ನಿವೃತ್ತರು. ಐವತ್ತರ ಹತ್ತಿರ ಬಂದಿರುವ ನಾನೇ ಅಲ್ಲಿ ಹುಡುಗಿ. ಕೂಟಕ್ಕೆ ಒಂದು ಪದ್ಧತಿಯಿದೆ. ವರ್ಷಕ್ಕೊಮ್ಮೆ ಚೀಟಿ ಎತ್ತಿ, ಒಬ್ಬ ಸದಸ್ಯರು ತಮಗಿಷ್ಟವಾದ ಲೇಖಕನ ವೇಷದಲ್ಲಿ ಬಂದು, ಆ ಲೇಖಕನ ಬಾಳನ್ನು 'ನಾನು' ಎಂದೇ ಹೇಳಬೇಕು. ಹೆಸರು ಮಾತ್ರ ಹೇಳುವಂತಿಲ್ಲ. ಎಲ್ಲ ಮುಗಿದ ಮೇಲೆ ಕೂಟದ ವತಿಯಿಂದ ಒಂದು ಲೋಟ ಫಿಲ್ಟರ್ ಕಾಫಿ ಬರುತ್ತದೆ. ಅದನ್ನು ಒಂದು ಗುಟುಕು ಕುಡಿದು, ಹೆಸರು ಹೇಳಿ, ಮತ್ತೆ ನಾವು ನಾವೇ ಆಗಬಹುದು. ಯಾರ ಕಥೆ ಎಂದು ಐದೇ ನಿಮಿಷಕ್ಕೆ ಎಲ್ಲರಿಗೂ ಗೊತ್ತಾಗಿರುತ್ತದೆ. ಆದರೂ ಕಾಫಿ ಬರುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಅಲ್ಲಿಯವರೆಗೆ ವೇಷದವರು ವೇಷದಲ್ಲೇ ಇರಬೇಕು. ಆ ಮಳೆಗಾಲದ ಹಿಂದಿನ ವರ್ಷ ರಷ್ಯಾದ ಕಾದಂಬರಿಕಾರರಾಗಿದ್ದ ರಾಯರೊಬ್ಬರಿಗೆ ನಡುವೆ ಮಗಳ ಫೋನು ಬಂದಾಗ, "ಹಿಮದಲ್ಲಿದೀನಮ್ಮ, ಆಮೇಲೆ ಮಾಡು" ಎಂದು ಇಟ್ಟುಬಿಟ್ಟಿದ್ದರು. ನಮ್ಮ ಅಧ್ಯಕ್ಷೆ ಪದ್ಮಾ ಮೇಡಂ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರ ಎದುರು ನಿಯಮ ಮುರಿಯುವ ಧೈರ್ಯ ಯಾರಿಗೂ ಇಲ್ಲ.

ಆ ವರ್ಷದ ಚೀಟಿ ಶೇಷಗಿರಿಯವರಿಗೆ ಬಂತು. ಅವರಿಗೆ ಆಗ ಎಪ್ಪತ್ತನಾಲ್ಕು. ಸಿದ್ದಾಪುರದ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ, ಸಾಲು ಜೋಡಿಸಿ ಬದುಕಿದವರು. ಅವರು ಹನ್ನೊಂದು ವರ್ಷದಿಂದ ಒಬ್ಬನೇ ಲೇಖಕನ ವೇಷಕ್ಕಾಗಿ ಕಾಯುತ್ತಿದ್ದರು. ಅಮೆರಿಕದ ಆ ಹಾಸ್ಯಗಾರ. ಪೊದೆ ಮೀಸೆ, ಕೆದರಿದ ಕೂದಲು, ಬಿಳಿ ಸೂಟು. ಚೀಟಿ ಬಂದದ್ದು ಯುಗಾದಿಯ ಹೊತ್ತಿಗೆ. ಮೇ ತಿಂಗಳಲ್ಲಿ ಅವರಿಗೆ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆ ದನಿಯೂ ಹೋಯಿತು. ಮರಳಿ ಬರಬಹುದು, ಬರದೆಯೂ ಇರಬಹುದು ಎಂದರಂತೆ ಡಾಕ್ಟರು.

ಜೂನಿನ ಮೊದಲ ಬುಧವಾರ ಅವರು ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡು, ಜೇಬಿನ ತುಂಬ ಕತ್ತರಿಸಿದ ಕಾಗದದ ಚೂರುಗಳನ್ನು ಇಟ್ಟುಕೊಂಡು ಬಂದರು. ಒಂದು ಚೂರಿನ ಮೇಲೆ ಬರೆದು ಪದ್ಮಾ ಮೇಡಂ ಕೈಗೆ ಕೊಟ್ಟರು. ಅವರು ಓದಿ ನನ್ನ ಕಡೆ ತಿರುಗಿದರು.

"ನನ್ನ ಬದಲು ವನಜ ಅಂತೆ."

"ನಾನಾ? ಸಾರ್, ನಾನು ಜೋಕ್ ಹೇಳಿದ್ರೆ ಜನ ನನಗೇ ಸಮಾಧಾನ ಹೇಳ್ತಾರೆ. ಬರೋ ವರ್ಷ ನಿಮ್ಮ ದನಿ ಬಂದಿರುತ್ತೆ, ಆಗ ನೀವೇ ಮಾಡಿ."

"ಆಸ್ಪತ್ರೇಲಿ ನಾನೂ ಅದನ್ನೇ ಅಂದಿದ್ದೆ ಕಣಮ್ಮ. ಏನು ಬರೆದ್ರು ನೋಡು" ಎಂದು ಮೇಡಂ ಇನ್ನೊಂದು ಚೂರು ನೀಡಿದರು.

'ಬರುವ ವರ್ಷ ಕೇಳಿಸಿಕೊಳ್ಳಲೂ ನಾನು ಇಲ್ಲದಿದ್ದರೆ?'

ಇದು ನಾನು ಕೇಳುವ ಜಾತಿಯ ಪ್ರಶ್ನೆ. ಬೇರೆಯವರು ನನಗೆ ಕೇಳಿದ್ದು ಅದೇ ಮೊದಲು. ಒಪ್ಪಿಕೊಂಡೆ.

ಆಮೇಲೆ ಮಳೆಗಾಲದ ಶನಿವಾರಗಳೆಲ್ಲ ಸಿದ್ದಾಪುರದ ಪಾಲಾದವು. ಸ್ಕೂಟರು ಹೋದರೆ ಸೈಕಲ್ಲು ಗೋಡೆಗೆ ಒರಗಬೇಕಾದಂಥ ಬೀದಿ, ಮಹಡಿಯ ಮೇಲೆ ಅವರ ಮನೆ. ನೆನೆದ ಛತ್ರಿ ಬಾಗಿಲ ಹೊರಗಿಟ್ಟರೆ ಕಳುವಾಗಬಹುದೆಂದು ನಾನು ಒಳಗೆ ತರುತ್ತಿದ್ದೆ, ಒಳಗೆ ಯಾರಾದರೂ ಜಾರಬಹುದೆಂದು ಮತ್ತೆ ಹೊರಗಿಡುತ್ತಿದ್ದೆ. ಶೇಷಗಿರಿಯವರು ತಾಳ್ಮೆಯಿಂದ ನೋಡುತ್ತಿದ್ದರು. ಪ್ರೆಸ್ಸು ಮುಚ್ಚಿದಾಗ ತಂದುಕೊಂಡ ಹಳೆಯ ಮೊಳೆಪೆಟ್ಟಿಗೆ ಗೋಡೆಗೆ ನಿಂತಿತ್ತು. ಅದರ ನೂರಾರು ಸಣ್ಣ ಖಾನೆಗಳಲ್ಲಿ ಈಗ ಮಾತ್ರೆ, ಗುಂಡಿ, ಲವಂಗ. 'ಅ' ಇದ್ದಲ್ಲಿ ಬಿ.ಪಿ. ಮಾತ್ರೆ, 'ಕ' ಇದ್ದಲ್ಲಿ ಏಲಕ್ಕಿ ಎಂದು ಒಮ್ಮೆ ತೋರಿಸಿದರು. ಕಣ್ಣು ಮುಚ್ಚಿಯೇ ತೆಗೆಯಬಲ್ಲರು.

ಅಲ್ಲಿ ಕೂತು, ಚೂರುಗಳ ಮೂಲಕ, ಆ ಅಮೆರಿಕದವನ ಬಾಳನ್ನು ನಾನು ಕಲಿತೆ. ದೊಡ್ಡ ನದಿಯ ದಂಡೆಯ ಸಣ್ಣ ಊರು. ತಂದೆ ಸತ್ತ ಮೇಲೆ ಶಾಲೆ ಬಿಟ್ಟು ಪ್ರೆಸ್ಸಿಗೆ ಸೇರಿ ಮೊಳೆ ಜೋಡಿಸಿದ್ದು. ಇಲ್ಲಿ ಶೇಷಗಿರಿಯವರು ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಹಬೆಯ ಹಡಗು ನಡೆಸುವ ವಿದ್ಯೆ. ನದಿಯ ಒಂದೊಂದು ತಿರುವೂ ಬಾಯಿಪಾಠ. ನೀರಿನ ಆಳ ಅಳೆಯುವವರ ಕೂಗೊಂದನ್ನೇ ಮುಂದೆ ತನ್ನ ಹೆಸರು ಮಾಡಿಕೊಂಡ. ಯುದ್ಧ ಬಂದು ನದಿ ಸಂಚಾರ ನಿಂತಾಗ ಬೆಳ್ಳಿ ಅಗೆಯಲು ಹೋಗಿ ಮಣ್ಣು ಅಗೆದ. ಪತ್ರಿಕೆಗೆ ಬರೆದ. ವೇದಿಕೆ ಹತ್ತಿ ಊರೂರು ನಗಿಸಿದ. ಪುಸ್ತಕಗಳು ಬಂದವು, ಕೀರ್ತಿ ಬಂತು, ದೊಡ್ಡ ಮನೆ ಬಂತು. ಆ ಮೇಲೆ, ತಾನಾಗಿಯೇ ಮೊಳೆ ಜೋಡಿಸುವ ಒಂದು ಯಂತ್ರದ ಮೇಲೆ ಇದ್ದಬದ್ದದ್ದನ್ನೆಲ್ಲ ಸುರಿದು ಕೈಸುಟ್ಟುಕೊಂಡ. ವಯಸ್ಸಾದ ಮೇಲೆ, ಕೆಮ್ಮುತ್ತ, ಲೋಕವೆಲ್ಲ ಸುತ್ತಿ ಭಾಷಣ ಮಾಡಿ ಚೇತರಿಸಿಕೊಂಡ. ನಮ್ಮ ದೇಶಕ್ಕೂ ಬಂದಿದ್ದ.

"ಮೊಳೆ ಜೋಡಿಸಿದವನೇ ಆ ಮೆಷಿನ್ ನಂಬಿದ್ನಾ ಸಾರ್?" ಎಂದು ಕೇಳಿದೆ.

'ಅವನ ಕಾಲದಲ್ಲಿ ಓಡಲಿಲ್ಲ. ನನ್ನ ಕಾಲದಲ್ಲಿ ಓಡಿತು' ಎಂದು ಬರೆದು, ಕಂಪ್ಯೂಟರಿನಲ್ಲಿ ಅಚ್ಚಾದ ಅಂದಿನ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು.

ಕಲಿಕೆಯೇನೋ ಆಯಿತು, ನಗಿಸುವುದು ಆಗಲಿಲ್ಲ. ಆ ಲೇಖಕ ವೇದಿಕೆಯ ಮೇಲೆ ಎಂದೂ ನಗುತ್ತಿರಲಿಲ್ಲವಂತೆ. ತಪ್ಪು ವಿಳಾಸಕ್ಕೆ ಬಂದವನ ಹಾಗೆ ನಡೆದು ಬಂದು, ಎಳೆದೆಳೆದು ಮಾತಾಡಿ, ಜನ ನಕ್ಕರೆ ಇವರಿಗೇನಾಯಿತು ಎಂಬಂತೆ ಕಳವಳದಿಂದ ನೋಡುತ್ತಿದ್ದನಂತೆ. ನಾನೋ, ನಗು ಬರಬೇಕಾದ ಜಾಗ ಬಂತೆಂದರೆ ಮುಂಚೆಯೇ ಹಲ್ಲು ಬಿಟ್ಟು, ಆ ವಾಕ್ಯವನ್ನು ಬಸ್ಸು ಹಿಡಿಯುವವಳ ಹಾಗೆ ಓಡಿಸಿಬಿಡುತ್ತಿದ್ದೆ. ಚೂರುಗಳು ಬರುತ್ತಿದ್ದವು. 'ನಿಧಾನ.' 'ನೀವು ನಗಬೇಡಿ.' 'ಇದು ಕ್ಲೇಮ್ ಫಾರಂ ಅಲ್ಲ.' ಆಷಾಢ ಕಳೆದು ಶ್ರಾವಣ ಬಂದರೂ ಶೇಷಗಿರಿಯವರು ಒಮ್ಮೆಯೂ ನಗಲಿಲ್ಲ. ದನಿಯಿಲ್ಲದಿದ್ದರೂ ಮುಖ ನಗಬಹುದಲ್ಲ?

ನಾನು ಬರೆದುಕೊಂಡ ಭಾಷಣದ ಒಂದು ಭಾಗದ ಸುತ್ತ ಮಾತ್ರ ಅವರು ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು. ಆ ಲೇಖಕ ತನ್ನ ತಮ್ಮನಿಗೆ ತಾನೇ ಹೇಳಿ ಹಡಗಿನಲ್ಲಿ ಕೆಲಸ ಕೊಡಿಸಿದ್ದ. ಅದೇ ಹಡಗಿನವರ ಜೊತೆ ಜಗಳವಾಗಿ ತಾನು ಇಳಿದುಬಿಟ್ಟ, ತಮ್ಮ ಉಳಿದ. ಹಡಗಿನ ಬಾಯ್ಲರ್ ಸಿಡಿದು ತಮ್ಮ ಸತ್ತ. ಅಂಚಿನಲ್ಲಿ ಬರೆದಿತ್ತು: 'ಇಲ್ಲಿ ಯಾರೂ ನಗಬಾರದು.'

"ಇದನ್ನ ಬಿಟ್ಟುಬಿಡೋಣ ಸಾರ್. ನಗೋಕೆ ಬಂದಿರ್ತಾರೆ, ಅಳಿಸಿಬಿಟ್ರೆ?"

ಅವರು ತುಂಬ ಹೊತ್ತು ಬರೆದರು. 'ನಗಿಸುವವನು ಅಂದರೆ ಜನಕ್ಕೆ ಬೇರೇನೂ ಕಾಣುವುದಿಲ್ಲ. ಇದು ಕಾಣಬೇಕು. ಹನ್ನೊಂದು ವರ್ಷ ಕಾದದ್ದು ಇದನ್ನು ಹೇಳಲು.'

ಅಲ್ಲಿಗೆ ನನ್ನ ನಿದ್ದೆ ಹೋಯಿತು.

ಆ ಬಾಳಿನಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಒಂದೇ ಸಂಗತಿ. ಮೊದಲ ಭಾಷಣದ ದಿನ ಯಾರೂ ನಗದಿದ್ದರೆ ಎಂದು ಹೆದರಿ, ಆ ಮಹಾಶಯ ಕೆಲವು ಗೆಳೆಯರನ್ನು ಸಭೆಯ ನಡುವೆ ಕೂರಿಸಿದ್ದನಂತೆ. ತಾನು ಸನ್ನೆ ಮಾಡಿದಾಗ ನಗಬೇಕು ಎಂದು ಕರಾರು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ಪಟ್ಟಿಯಲ್ಲಿ 'ಯಾರೂ ನಗದಿದ್ದರೆ' ಎಂಬುದರ ಎದುರು ಮಾತ್ರ ಜಾಗ ಖಾಲಿಯಿತ್ತು.

ನಾನು ಇಬ್ಬರನ್ನು ಗೊತ್ತು ಮಾಡಿದೆ. ಒಬ್ಬರು ಶ್ರೀಧರ. ಅವರು ನಕ್ಕರೆ ಕೆಳಗಿನ ಮನೆಯ ನಾಯಿ ಬೊಗಳುತ್ತದೆ. ಇನ್ನೊಬ್ಬ ಮಂಜುನಾಥ. ಗದಗಿನ ಕಡೆಯವನು, ಬಿಟಿಎಂನಲ್ಲಿ ಮನೆ ಮಾಡಿಕೊಂಡು ಅಡುಗೆ ಕಾಂಟ್ರಾಕ್ಟು ನಡೆಸುತ್ತಾನೆ. ಬುಧವಾರ ನಮ್ಮ ಕೋಣೆಯ ಹಿಂಭಾಗದ ಪುಟ್ಟ ಅಡುಗೆಮನೆಯಲ್ಲಿ ಕಾಫಿ, ಉಪ್ಪಿಟ್ಟು ಅವನದೇ. ಮುಂದಿನಿಂದ ಒಂದು ನಗು, ಹಿಂದಿನಿಂದ ಒಂದು ನಗು. ನಡುವಿನವರು ತಪ್ಪಿಸಿಕೊಳ್ಳಲಾರರು ಎಂಬ ಲೆಕ್ಕಾಚಾರ.

"ನಗೂದೇನ್ ದೊಡ್ ಮಾತ್ ಬಿಡ್ರಿ ಅಕ್ಕಾರ" ಎಂದ ಮಂಜುನಾಥ. "ಯಾವಾಗ ನಗಬೇಕು ಅಷ್ಟ ಹೇಳ್ರಿ."

"ನಾನು ಮೀಸೆ ಮುಟ್ಟಿದಾಗ. ಆದ್ರೆ ನೀನು ನನ್ನೇ ನೋಡ್ತಾ ಇರ್ಬೇಕು. ಅತ್ತಿತ್ತ ನೋಡಿದ್ರೆ ಸನ್ನೆ ತಪ್ಪಿಹೋಗುತ್ತೆ."

"ಕಣ್ಣ ಮಿಟುಕಸಂಗಿಲ್ಲ ಬಿಡ್ರಿ."

ಶೇಷಗಿರಿಯವರಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ಯಾವ ಚೂರು ಬರುತ್ತಿತ್ತೆಂದು ನನಗೆ ಗೊತ್ತಿತ್ತು.

ಗಣೇಶನ ಹಬ್ಬ ಕಳೆದ ಮೇಲಿನ ಬುಧವಾರ ಆ ದಿನ ಬಂತು. ಆಕಾಶ ತೊಳೆದಿಟ್ಟ ಹಾಗಿತ್ತು. ಒಂದು ಮೋಡವಿಲ್ಲ. ಹಾಗಾಗಿ ನನಗೆ ಇನ್ನೂ ಅನುಮಾನ ಹೆಚ್ಚಾಯಿತು. ಅಂಜನಾಪುರದಲ್ಲಿರುವ ಮೈದುನನ ಆರತಕ್ಷತೆಯ ಬಿಳಿ ಸೂಟನ್ನು ತಂದು ಸೊಂಟಕ್ಕೆ ನಾಲ್ಕು ಪಿನ್ನು ಹಾಕಿದೆ. ಅಂಟು ಬಿಗಿಯಾಗಲಿ ಎಂದು ಮೀಸೆಯನ್ನು ಮನೆಯಲ್ಲೇ ಹಚ್ಚಿಕೊಂಡೆ. ಶ್ರೀಧರ ಆಫೀಸಿನಿಂದ ನೇರ ಬರುವವರಿದ್ದರು, ಹಾಗಾಗಿ ಒಬ್ಬಳೇ ಆಟೋಗೆ ಕೈ ಅಡ್ಡ ಹಾಕಿದೆ. ಸೂಟಿನ ಮೇಲೆ ರೇನ್‌ಕೋಟು, ಕೊರಳಲ್ಲಿ ಮಂಗಳಸೂತ್ರ, ತುಟಿಯ ಮೇಲೆ ಬಿಳಿ ಮೀಸೆ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿದ.

"ಎಲ್ಲಿಗೆ ಸಾ... ಮೇ... ಎಲ್ಲಿಗ್ ಬಿಡ್ಬೇಕು?"

"ಜಯನಗರ."

"ಸರಿ" ಎಂದ, ಅಲ್ಲಿಯಾದರೆ ಏನು ಬೇಕಾದರೂ ಆಗಬಹುದು ಎಂಬ ಧಾಟಿಯಲ್ಲಿ.

ಕೋಣೆ ತುಂಬಿತ್ತು. ಶೇಷಗಿರಿಯವರು ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ತೊಡೆಯ ಮೇಲೆ ಚೂರುಗಳನ್ನು ಜೋಡಿಸಿಟ್ಟುಕೊಂಡು ಕೂತಿದ್ದರು. ಹನ್ನೊಂದು ವರ್ಷ ಕಾದವರು ಹಾಗೆಯೇ ಕೂರುತ್ತಾರೇನೋ. ಮೂರನೇ ಸಾಲಿನಲ್ಲಿ ಶ್ರೀಧರ. ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಟವೆಲು ಹೆಗಲಿಗೆ ಹಾಕಿಕೊಂಡು ಮಂಜುನಾಥ, ಕಣ್ಣು ಮಿಟುಕಿಸದೆ.

ಊರು, ನದಿ, ಪ್ರೆಸ್ಸು ಎಲ್ಲ ಹೇಳಿದೆ. ಎರಡು ಸಲ ಮೀಸೆ ಮುಟ್ಟಿದೆ. ಇಬ್ಬರೂ ಕರಾರಿನ ಪ್ರಕಾರ ನಕ್ಕರು. ಉಳಿದವರು ಇವರಿಬ್ಬರನ್ನು ತಿರುಗಿ ನೋಡಿದರು, ಅಷ್ಟೆ. ಪದ್ಮಾ ಮೇಡಂ ಮುಖದಲ್ಲಿ, ನಪಾಸಾಗುವ ಮಗುವಿಗೆ ಕೊಡುವ ಮಂದಹಾಸವಿತ್ತು. ಬೆವರು ಇಳಿಯತೊಡಗಿತು. ಬೆವರಿಗೆ ಅಂಟು ನೆನೆದು ಮೀಸೆಯ ಕೆಳಗೆ ತುರಿಕೆ ಎದ್ದಿತು.

ಅಷ್ಟರಲ್ಲಿ ಕೆಂಪು ಗೆರೆಯ ಭಾಗ ಬಂತು.

"ನನಗೊಬ್ಬ ತಮ್ಮನಿದ್ದ. ಆ ಹಡಗಿನಲ್ಲಿ ಅವನಿಗೆ ಕೆಲಸ ಕೊಡಿಸಿದವನು ನಾನೇ..."

ಶೇಷಗಿರಿಯವರು ಮುಂದಕ್ಕೆ ಬಾಗಿದರು. ಮೊದಲ ಬಾರಿಗೆ ನಾನು ನಿಧಾನವಾಗಿ ಮಾತಾಡುತ್ತಿದ್ದೆ. ತುರಿಕೆ ಮೂಗಿನವರೆಗೆ ಏರಿತು. ಹಡಗು ಹೊರಟಿತು, ನಾನು ದಂಡೆಯಲ್ಲಿ ಉಳಿದೆ, ಬಾಯ್ಲರ್ ಸಿಡಿಯಿತು. ಕೈ ನನ್ನ ಮಾತು ಕೇಳಲಿಲ್ಲ. ಎರಡೇ ಬೆರಳು, ಒಂದೇ ಕ್ಷಣ.

"ಹಹ್ಹಹ್ಹಹ್ಹಾ!" ಮೂರನೇ ಸಾಲು.

"ಹೋ ಹೋ ಹೋ ಹೋ!" ಅಡುಗೆಮನೆ.

ಆಮೇಲಿನ ಮೌನವನ್ನು ನಾನು ಯಾವ ಫೈಲಿನಲ್ಲೂ ನೋಡಿಲ್ಲ. ಯಾರೋ "ಥೂ, ಏನ್ ಜನಾನೋ" ಎಂದರು. ಪದ್ಮಾ ಮೇಡಂ ಹಿಂದಕ್ಕೆ ತಿರುಗಿ, ಶ್ರೀಧರರನ್ನು ಬೆಂಚಿನ ಮೇಲೆ ನಿಲ್ಲಿಸುವ ದೃಷ್ಟಿಯಿಂದ ನೋಡಿದರು. ಶ್ರೀಧರ ನನ್ನನ್ನು ನೋಡಿದರು. ಶೇಷಗಿರಿಯವರು ಯಾರನ್ನೂ ನೋಡಲಿಲ್ಲ. ತೊಡೆಯ ಮೇಲಿನ ಚೂರುಗಳನ್ನು ನೋಡುತ್ತಿದ್ದರು. ಅವರ ಆ ಒಂದು ಜಾಗವನ್ನು ನಾನು ಹಾಳು ಮಾಡಿದ್ದೆ. ಹೊರಗೆ ಓಡಿಹೋಗೋಣವೆಂದರೆ ಕಾಫಿ ಬಂದಿಲ್ಲ, ವೇಷ ಬಿಡುವಂತಿಲ್ಲ.

"ಅವರನ್ನ ಬೈಬೇಡಿ" ಎಂದೆ. "ಅದು ನನ್ನ ನಗು. ನಾನೇ ತಂದಿಟ್ಟದ್ದು."

ಎಲ್ಲರೂ ನನ್ನ ಕಡೆ ತಿರುಗಿದರು.

"ಮೊದಲನೇ ಸಲ ಭಾಷಣಕ್ಕೆ ನಿಂತಾಗ ಯಾರೂ ನಗದಿದ್ರೆ ಅಂತ ಭಯವಾಗಿ ಗೆಳೆಯರನ್ನ ಸಭೇಲಿ ಕೂರಿಸಿದ್ದೆ. ಮೀಸೆ... ಅಲ್ಲ, ಸನ್ನೆ ಮಾಡಿದ್ರೆ ನಗಬೇಕು ಅಂತ. ಆ ಭಯ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇವತ್ತೂ ಇಬ್ಬರನ್ನ ಕೂರಿಸಿದೀನಿ. ಹಿಂದೆ ನಿಂತಿರೋರು ಕಾಫಿ ಮಾಡ್ತಾರೆ. ಮೂರನೇ ಸಾಲಿನಲ್ಲಿರೋರು ನನ್ನ ಗಂಡ."

ಪೊದೆ ಮೀಸೆಯ ಅಮೆರಿಕದ ಗಂಡಸೊಬ್ಬ ಹೀಗೆಂದು ಗಂಭೀರವಾಗಿ ನಿಂತಿದ್ದ. ಆಮೇಲೆ ಯಾವುದೋ ಮೂಲೆಯಿಂದ ಒಂದು ಕಿಸಕ್ಕು, ಇನ್ನೊಂದು, ಮತ್ತೆ ಇಡೀ ಕೋಣೆ. ಏನಾಯಿತೆಂದು ನನಗೆ ಗೊತ್ತಾಗಲಿಲ್ಲ, ನಿಜವಾಗಿಯೂ. ಮೀಸೆ ಬಿತ್ತೇನೋ ಎಂದು ಗಾಬರಿಯಿಂದ ಮುಟ್ಟಿ ನೋಡಿಕೊಂಡೆ. ಅವರಿಬ್ಬರೂ ಕರಾರಿನಂತೆ ಮತ್ತೆ ನಕ್ಕರು. ಅದನ್ನು ನೋಡಿ ಉಳಿದವರು ಕುರ್ಚಿ ಹಿಡಿದುಕೊಂಡು ನಕ್ಕರು. ನಾನು ಕಳವಳದಿಂದ ನೋಡಿದಷ್ಟೂ ನಗು ಹೆಚ್ಚಾಯಿತು. ರಷ್ಯಾದ ರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಮೊದಲ ಸಾಲಿನಲ್ಲಿ ಶೇಷಗಿರಿಯವರ ಭುಜಗಳು ಕುಣಿಯುತ್ತಿದ್ದವು. ದನಿಯೇ ಇಲ್ಲ, ಬಾಯಿ ತೆರೆದಿದೆ, ಕಣ್ಣಲ್ಲಿ ನೀರು, ಚೂರುಗಳೆಲ್ಲ ನೆಲದ ಮೇಲೆ.

ನಗು ತಾನಾಗಿ ಇಳಿಯುವವರೆಗೆ ಕಾದೆ. ಆಮೇಲೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ, ಬಿಟ್ಟಲ್ಲಿಂದ ಶುರು ಮಾಡಿದೆ.

"ನನಗೊಬ್ಬ ತಮ್ಮನಿದ್ದ."

ತುರಿಕೆ ಹಾಗೆಯೇ ಇತ್ತು. ಕೈ ಬಿಚ್ಚಲಿಲ್ಲ. ಆಗ ತಾನೇ ಅಷ್ಟು ನಕ್ಕ ಜನ, ಅದೇ ಮುಖಗಳು, ಕದಲದೆ ಕೇಳಿದರು. ತಮ್ಮ ಸತ್ತ ಮೇಲೆ ಆತ ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ ಎಂಬಲ್ಲಿಯವರೆಗೆ ಹೇಳಿದೆ. ಯಾರೂ ನಗಲಿಲ್ಲ.

ಯಂತ್ರ, ಲೋಕಪ್ರವಾಸ, ಬಿಳಿ ಸೂಟು, ಎಲ್ಲವೂ ಮುಗಿಯಿತು. ಚಪ್ಪಾಳೆಯ ನಡುವೆ ಶೇಷಗಿರಿಯವರು ಎದ್ದು ಬಂದು ನೆಲದಿಂದ ಆರಿಸಿದ ಒಂದು ಚೂರಿನ ಮೇಲೆ ಬರೆದು ಕೊಟ್ಟರು. 'ನಾನು ಮಾಡಬೇಕೆಂದಿದ್ದು ಹೀಗಲ್ಲ. ಇದೇ ಚೆನ್ನಾಗಿತ್ತು.'

"ಅಷ್ಟು ಜನರಿದ್ದರೂ ನನ್ನನ್ನೇ ಯಾಕೆ ಆರಿಸಿದಿರಿ?" ಎಂದು ಕೇಳಿದೆ, ಮೀಸೆಯವನ ದನಿಯಲ್ಲೇ.

ಅವರು ಮೂರು ಪದ ಬರೆದರು. 'ಕಳವಳದ ಮುಖ ನೋಡಿ.'

ಕರೆಂಟು ಹೋಗಿರಲಿಲ್ಲ. ಮೈಕು ಕಿರುಚಿರಲಿಲ್ಲ. ಸೂಟಿನ ಮೇಲೆ ಒಂದು ಹನಿ ಕೆಸರಿರಲಿಲ್ಲ. ಮೀಸೆಯಂತೂ ಉದುರುವ ಮಾತೇ ಇಲ್ಲ, ಮಾರನೆಯ ದಿನ ಕೊಬ್ಬರಿ ಎಣ್ಣೆಗೂ ಜಗ್ಗಲಿಲ್ಲ. ತಪ್ಪಾದ ಜಾಗದಲ್ಲಿ ಬಂದ ಆ ನಗುವನ್ನು ತಪ್ಪೆಂದು ಪಟ್ಟಿಗೆ ಸೇರಿಸಲು ಶೇಷಗಿರಿಯವರು ಇವತ್ತಿಗೂ ಬಿಡುವುದಿಲ್ಲ. ಪದ್ಮಾ ಮೇಡಂ ಎದ್ದು ನಿಂತು, "ಇನ್ನು ನಮ್ಮ ಅತಿಥಿಗಳಿಗೆ ಕಾಫಿ" ಎಂದು ಅಡುಗೆಮನೆಯ ಕಡೆ ಕೈ ತೋರಿಸಿದರು. ಆಗ ಎಲ್ಲರಿಗೂ ವಾಸನೆ ಬಂತು.

ಮಂಜುನಾಥ ಒಳಗೆ ಓಡಿದ. ಖಾಲಿ ಪಾತ್ರೆ ಹಿಡಿದು ಹೊರಗೆ ಬಂದ.

"ಹಾಲೆಲ್ಲಾ ಒಲಿ ಕುಡದೈತ್ರಿ."

"ಏನಪ್ಪಾ ನೀನು! ಒಲೆ ಮೇಲಿಟ್ಟು ನೋಡ್ಕೊಬಾರ್ದಾ?" ಎಂದರು ಮೇಡಂ.

"ಅಕ್ಕಾರ ನನ್ನ ನೋಡು, ಕಣ್ಣ ಮಿಟುಕಸಬ್ಯಾಡ ಅಂದಿದ್ರು. ಹಾಲು ನೋಡು ಅಂದಿರಲಿಲ್ರಿ."

ಕೆಳಗೆ ಏಳೂವರೆ ಗಂಟೆಯ ಡ್ಯಾನ್ಸ್ ಕ್ಲಾಸಿನವರು ಮೆಟ್ಟಿಲು ಹತ್ತುತ್ತಿದ್ದರು, ಕೋಣೆ ಬಿಡಬೇಕಿತ್ತು. ಹೋಗಲಿ, ನಿಂಬೆ ಟೀ ಆದರೂ ಕೊಡ್ತೀನಿ ಎಂದ ಮಂಜುನಾಥ. ಶೇಷಗಿರಿಯವರು ಗೋಡೆಗೆ ಕಾಗದ ಒತ್ತಿ ಬರೆದು ಮೇಡಂಗೆ ಕೊಟ್ಟರು: 'ನಿಯಮದಲ್ಲಿ ಟೀ ಇಲ್ಲ.' ಮೇಡಂ ಯೋಚಿಸಿ, ಹೌದೆಂದು ತಲೆಯಾಡಿಸಿದರು. ಹಾಗೆ ನಾನು ಹೆಸರು ಹೇಳದೆ, ಬಿಡುಗಡೆಯಾಗದೆ, ಮೀಸೆಯ ಸಮೇತ ಮನೆಗೆ ಬಂದೆ.

ಶೇಷಗಿರಿಯವರ ದನಿ ಈಗ ಅರ್ಧ ಬಂದಿದೆ, ಒಣ ಎಲೆ ಸರಿದ ಹಾಗೆ. ಅದನ್ನು ಅವರು ಹೆಚ್ಚು ಖರ್ಚು ಮಾಡುವುದಿಲ್ಲ. ಬುಧವಾರ ನಾನು ಬಾಗಿಲಲ್ಲಿ ಕಂಡರೆ ಮಾತ್ರ, "ಬನ್ನಿ ಮೀಸೆಯವರೇ" ಎನ್ನುತ್ತಾರೆ. ಆಮೇಲೆ ಮಂಜುನಾಥನಿಗೆ ಒಂದು ಚೂರು ಹೋಗುತ್ತದೆ. ಎಲ್ಲರಿಗೂ ಕಾಫಿ ಬರುತ್ತದೆ, ನನಗೊಬ್ಬಳಿಗೆ ಟೀ. ಮೂರು ವರ್ಷದಿಂದ ಹೀಗೇ. ಆ ಲೇಖಕನ ಹೆಸರನ್ನು ನಾನು ಇಲ್ಲೂ ಬರೆಯದಿರುವುದು ಅದೇ ಕಾರಣಕ್ಕೆ.

ಕಳೆದ ವಾರ ಒಲೆ ಒರೆಸಿದ ಮೇಲೆ ಆ ಹಳೆಯ ಪಟ್ಟಿ ಹುಡುಕಿ ತೆಗೆದು, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಹದಿನೇಳರಲ್ಲಿ ಹಾಲು ಇರಲಿಲ್ಲ.